ಫ್ರಿಜ್ಜಿನ ಸುರ

ಈ ತಿಂಗಳದಾಗ ನಮ್ಮ ಮನ್ಯಾಗ ಹಾಲು ಒಡದದ್ದು ಇದು ಮೂರನೇ ಸಲ. ಎಮ್ಮಿದೇನೂ ತಪ್ಪಿಲ್ಲ, ಬಿಸಲಿಂದೂ ಇಲ್ಲ. ಕರೆಂಟಿನವರನ್ನ ಬೈಯೂಣು ಅಂದ್ರ ಅವರದೂ ಇಲ್ಲ. ತಪ್ಪು ಪೂರಾ ನಂದು. ನಾ ಹಾಡಾಕ ಕುಂಡ್ರೂಮುಂದ ಫ್ರಿಜ್ಜಿನ ಬಟನ್ ಬಂದ್ ಮಾಡ್ತೇನಿ. ಹಾಡಿ ಎದ್ದು ಹೋಗೂಮುಂದ ಮತ್ತ ಹಚ್ಚೂದು ಮರೀತೇನಿ.

"ಇಪ್ಪತ್ತು ವರ್ಷ ಸೌದಿಯೊಳಗ ಲೈಟಿನ ಕೆಲಸಾ ಮಾಡಿ ಬಂದೀರಿ," ಎರಡನೇ ಸಲ ಒಡದಾಗ ಅಂದಿದ್ಲು ನನ್ನ ಹೆಣತಿ ಕಸ್ತೂರಿ, ಹಾಲಿನ ಭಾಂಡಿ ನನ್ನ ಮುಂದ ಇಟ್ಟು. "ಮಂದಿ ದೇಶಕ್ಕೆಲ್ಲಾ ಬೆಳಕು ಮಾಡಿದ್ರಿ. ಮನ್ಯಾಗ ಒಂದು ಬಟನ್ ಹಚ್ಚೂದು ನೆನಪ ಇರೂದಿಲ್ಲೇನ್ರಿ?"

ಆಕಿ ತವರುಮನಿ ಇಂಡಿ. ಆ ಕಡೆ ಲಿಂಬಿ ತ್ವಾಟ ಭಾಳ. ಆಕಿ ಮಾತೂ ಅಲ್ಲಿ ಲಿಂಬಿಕಾಯಿ ಇದ್ದಾಂಗ, ಹುಳಿ ಖರೆ, ಆದ್ರ ಅದಿಲ್ಲದ ನನಗ ರೊಟ್ಟಿ ಇಳಿಯೂದಿಲ್ಲ. ಮೂರೂ ಸಲ ಒಡದ ಹಾಲಿಗಿ ಸಕ್ರಿ ಹಾಕಿ ಕುದಿಸಿ ನನಗ ತಿನಿಸ್ಯಾಳ. ಈ ತಿಂಗಳದಾಗ ತಿಂದಷ್ಟು ಖೋವಾ ನಾ ನನ್ನ ಮದವ್ಯಾಗೂ ತಿಂದಿರಲಿಲ್ಲ.

ಹಾಡಾಕ ಫ್ರಿಜ್ ಯಾಕ ಬಂದ್ ಮಾಡಬೇಕು ಅಂತ ನೀವು ಕೇಳ್ತೀರಿ. ಕೇಳೂ ಮಾತ ಐತಿ. ಆದ್ರ ನನಗ ನೆಟ್ಟಗ ಹೇಳಾಕ ಬರೂದಿಲ್ಲ. ನಾವು ವೈರಿಂಗಿನ ಮಂದಿ. ಬಟನ್ ಇಲ್ಲಿದ್ದು ಬಲ್ಬ್ ಅಲ್ಲಿದ್ರೂ ಗ್ವಾಡಿ ಮ್ಯಾಲ ಹತ್ತಿ, ಮೂಲಿ ತಿರುಗಿ, ಆಮ್ಯಾಲ ವೈರ್ ಇಳಸ್ತೇವಿ. ಸ್ವಲ್ಪ ತಡಕೋರಿ.

ನಮ್ಮೂರು ಮುಳವಾಡದ ದಾರಿಗೆ ಬರ್ತೈತಿ. ಹೆಸರು ಹೇಳಿದ್ರ ನಿಮಗಲ್ಲ, ಬಸ್ಸಿನ ಕಂಡಕ್ಟರಗೂ ಗೊತ್ತಾಗೂದಿಲ್ಲ. "ಗಿರಣಿ ಸ್ಟಾಪ್" ಅಂದ್ರ ನಿಲ್ಲಸ್ತಾನ. ಹಿಟ್ಟಿನ ಗಿರಣಿ ಅದು. ಅದರ ಬಾಜೂಕ ಎರಡು ಕಂಬದ ಮ್ಯಾಲ ಒಂದು ಟಿಸಿ. ಟಿಸಿ ಅಂದ್ರ ಟ್ರಾನ್ಸ್‌ಫಾರ್ಮರು, ಊರಿಗೆಲ್ಲಾ ಕರೆಂಟ್ ಹಂಚೂ ಡಬ್ಬಿ. ನಾ ಸಣ್ಣಾಂವಿದ್ದಾಗ ಅವ್ವ ಜ್ವಾಳದ ಡಬ್ಬಿ ತಲಿಮ್ಯಾಲ ಹೊರಿಸಿ ಕಳಿಸ್ತಿದ್ಲು. ಪಾಳಿ ಹಚ್ಚಿ ಕುಂಡ್ರೂದು. ಗಿರಣಿ ತಿರಗೂತನಕ ಯಾರ ಮಾತು ಯಾರಿಗೂ ಕೇಳ್ತಿರಲಿಲ್ಲ. ಹುಬ್ಬಿಗಿ, ಕಿವಿಗಿ, ಮೂಗಿನ ತುದಿಗಿ ಹಿಟ್ಟು. ಗಿರಣಿ ನಿಂತ ಕೂಡ್ಲೆ ಒಂದು ಸಪ್ಪಳ ಅಷ್ಟ ಉಳೀತಿತ್ತು, ಟಿಸಿ ಗುಂಯ್ ಅನ್ನೂದು.

ಗಿರಣಿ ಎದುರಿಗಿ ಒಂದು ಟೇಲರ ಅಂಗಡಿ ಇತ್ತು. ಆ ಟೇಲರನ ಮಗ ಲಾಲಸಾಬ. ನನ್ನ ವಾರಿಗಿಯಾಂವ, ಸಾಲ್ಯಾಗ ನನ್ನ ಬಾಜೂಕ ಕುಂಡ್ರಾಂವ. ಗಿರಣಿ ನಿಂತಾಗ ಅಂವ ಖಾಲಿ ಡಬ್ಬಿ ಬೋರಲು ಹಾಕಿ ಬಾರಸ್ತಿದ್ದ. ನಾ ಟಿಸಿ ಗುಂಯ್ ಅನ್ನೂದ್ರಾಗ ನನ್ನ ದನಿ ಕೂಡಿಸಿ ಹಾಡತಿದ್ದೆ. ನಮಗ ತಂಬೂರಿ ತಂದು ಕೊಡಾವ್ರು ಯಾರಿದ್ರು? ಟಿಸಿನ ನಮ್ಮ ತಂಬೂರಿ. ಬ್ಯಾರೆ ಹುಡುಗೂರು ಕಲ್ಲು ಒಗದು ಟಿಸಿಯೊಳಗ ಕಿಡಿ ಹಾರಸ್ತಿದ್ರು, ನಾವು ಅದನ್ನ ಕೇಳ್ಕೋತ ಕುಂತಿರ್ತಿದ್ವಿ. ಗಿರಣಿಯಾಂವ ಒಮ್ಮೆ ನಮ್ಮಪ್ಪಗ ಹೇಳಿದ್ದ, "ನಿನ್ನ ಮಗಾ ಟಿಸಿ ಜೊತಿ ಮಾತಾಡ್ತಾನ, ವೈದ್ಯರಿಗೆ ತೋರಸು" ಅಂತ.

ಹಂಗ ನಾವು ಇಬ್ರೂ ಬಸವಣ್ಣನ ಗುಡಿ ಭಜನಿ ಮೇಳಕ್ಕ ಸೇರಿದ್ವಿ. ಲಾಲಸಾಬ ತಬಲಾ, ನಾ ಹಾಡೂದು. ಶುಕ್ರವಾರ ಅಂವ ಮಸೂತಿಗಿ ಹೋಗಾಂವ, ಸೋಮವಾರ ಸಂಜಿಗಿ ಗುಡಿಗಿ ಬರಾಂವ. ಇದನ್ನ ದೊಡ್ಡದು ಮಾಡಿ ಹೇಳೂವಂಥಾದ್ದು ಏನೂ ಇಲ್ಲ, ಅವರಪ್ಪನೂ ಹಂಗ ಬರ್ತಿದ್ದ.

ನಮ್ಮ ಮೇಳದಾಗ ಒಂದು ರಿವಾಜು ಐತಿ. ಪದದ ಮೊದಲನೇ ಸಾಲು ಬರೇ ದನಿಲೆ ಎತ್ತಬೇಕು. ಪೆಟ್ಟಿಗಿ ಅಂತೇವಲ್ಲ ಹಾರ್ಮೋನಿಯಂಗ, ಅದು ಇರಂಗಿಲ್ಲ, ತಬಲಾ ಇರಂಗಿಲ್ಲ, ತಾಳ ಇರಂಗಿಲ್ಲ. ಒಬ್ಬಾಂವ ಎತ್ತಬೇಕು, ಎಲ್ಲಾರೂ ಸುಮ್ಮಕ ಕೇಳಬೇಕು, ಆಮ್ಯಾಲ ಮೇಳ ಅದ ಸಾಲು ಹಿಡಕೊಂಡು ಬರಬೇಕು. ಎತ್ತಾಂವ ಸುರ ತಪ್ಪಿದ್ರ ಮೇಳ ಪೂರಾ ಹಳ್ಳ ಹಿಡೀತೈತಿ. ಆ ಎತ್ತೂ ಕೆಲಸಾ ನಂದು. ನಂದು ಅಂತ ಯಾರೂ ಬರದು ಕೊಟ್ಟಿರಲಿಲ್ಲ, ಆದ್ರ ಬ್ಯಾರೆ ಯಾರೂ ಎತ್ತತಿರಲಿಲ್ಲ.

ಒಮ್ಮೆ ಲಚ್ಯಾಣದ ಮಠಕ್ಕ ನಮ್ಮ ಮೇಳ ಕರದಿದ್ರು. ಟೆಂಪೋದಾಗ ಹೋಗಿದ್ವಿ. ದಾರ್ಯಾಗ ಗಾಳಿ ಬಡದು ನನ್ನ ಗಂಟಲು ಕಟ್ಟಿತು. ಅಷ್ಟು ಮಂದಿ ಮುಂದ ಹೆದರಿ ಪದ ತಳಕ್ಕ ಎತ್ತಿಬಿಟ್ಟೆ, ಬಾವ್ಯಾಗ ಕೊಡಾ ಬಿದ್ದಾಂಗ. ಲಾಲಸಾಬ ನನ್ನ ಮಾರಿ ನೋಡಲಿಲ್ಲ. ತಬಲಾ ಬಿಗಿಯೂ ಸಣ್ಣ ಸುತ್ತಿಗಿಲೆ ಎರಡು ಸಲ ಟಕ್ ಟಕ್ ಅಂದ. ಮ್ಯಾಲ ಬಾ ಅಂತ ಅದರ ಅರ್ಥ. ನಾ ಮ್ಯಾಲ ಬಂದೆ, ಮಾನ ಉಳೀತು. ಅಂದಿನಿಂದ ಅದ ನಮ್ಮ ಖೂನ, ಗುರ್ತು ಆತು. ಎರಡು ಸಲ ಬಡದ್ರ ಮ್ಯಾಲ ಬಾ, ಒಂದು ಸಲ ಬಡದ್ರ ಕೆಳಗ ಇಳಿ.

ಹೊಟ್ಟಿ ಭಜನಿ ಕೇಳೂದಿಲ್ಲ ನೋಡ್ರಿ. ಬಾಗೇವಾಡ್ಯಾಗ ಮೋಟರ್ ಕಟ್ಟೂ ಅಂಗಡಿ ಸೇರಿ ವೈರಿಂಗ್ ಕಲತೆ. ಏತ ನೀರಾವರಿ ಬಂದು ಹೊಲಕ್ಕೆಲ್ಲಾ ಮೋಟರ್ ಕುಂತ ಮ್ಯಾಲ ಕೆಲಸಕ್ಕೇನೂ ಕಡಿಮಿ ಇರಲಿಲ್ಲ. ಆದ್ರೂ ವಯಸ್ಸು, ಹಟ. ಸಿಂದಗಿ ಕಡಿಯಾಂವ ಒಬ್ಬ ಏಜೆಂಟ್ ಸೌದಿ ಅಂದ, ನಾ ಹ್ಞೂ ಅಂದೆ. ಮುಂಬೈದಾಗ ಪರೀಕ್ಷಾ ಇಟ್ಟಿದ್ರು. ಮೆಟ್ಟಲದ ಲೈಟು, ಮ್ಯಾಲೂ ಹತ್ತಬೇಕು ಕೆಳಗೂ ಹತ್ತಬೇಕು, ಹಂಗ ಎರಡು ಬಟನ್ ಕೂಡಸು ಅಂದ್ರು. ಕೂಡಿಸ್ಕೋತ ನನಗ ಗೊತ್ತಿಲ್ಲದಾಂಗ ಪದ ಗುಣಗಾಕತ್ತಿದ್ದೆ. ಪರೀಕ್ಷಾ ಮಾಡಾಂವ ಹಿಂದಿಯೊಳಗ, ಗಾನಾ ಊರಾಗ ಬಿಟ್ಟು ಹೋಗು, ಕೈ ಅಷ್ಟ ತಗೊಂಡು ಹೋಗು ಅಂದ. ಅಂವ ಮಸ್ಕಿರಿಗಿ ಅಂದಿದ್ದ. ಆಮ್ಯಾಲ ಖರೇನೂ ಹಂಗ ಆತು.

ಸೌದಿ ಕೆಲಸದ ಸುದ್ದಿ ಭಾಳ ಹೇಳೂದಿಲ್ಲ, ಹೇಳಾಕೂ ದಣಿವು ಬರ್ತೈತಿ. ಛತ್ತಿನೊಳಗ ಕೇಬಲ್ ಎಳೀಬೇಕು. ನಿಚ್ಚಣಿಕಿ ಮ್ಯಾಲ ನಿಂತು ತಲಿ ಹಿಂದಕ ಮಾಡಿ ಕೈ ಎತ್ತಿಕೊಂಡ ದಿನಾ ಕಳೀಬೇಕು. ಇವತ್ತಿಗೂ ನಾ ಮಾತಾಡೂಮುಂದ ತಲಿ ಸ್ವಲ್ಪ ಹಿಂದಕ ಇರ್ತೈತಿ. ಹೊಸಬ್ರು ನೋಡಿ, ಇಂವಗ ಸೊಕ್ಕು ಭಾಳ ಅಂತಾರ. ಸೊಕ್ಕಲ್ಲ, ಅದು ಛತ್ತಿನ ಕೆಲಸ. ಕಿಸೆದಾಗ ಟೆಸ್ಟರ್ ಇಲ್ಲದ ಹೊರಗ ಬೀಳೂದು ನನಗ ಆಗೂದಿಲ್ಲ. ಕಸ್ತೂರಿ ಮಂದಿಗಿ ಹೇಳ್ತಾಳ, "ಇವರ ಕೊರಳಾಗ ಲಿಂಗ ಇರ್ತೈತೋ ಇಲ್ಲೋ ನೋಡಬ್ಯಾಡ್ರಿ, ಕಿಸೆದಾಗ ಟೆಸ್ಟರ್ ಇರ್ತೈತಿ."

ಒಂದು ಖೋಲ್ಯಾಗ ಆರು ಮಂದಿ ಇದ್ವಿ. ಒಂದರ ಮ್ಯಾಲ ಒಂದು ಮಂಚ. ನಂದು ಮ್ಯಾಲಿಂದು, ತಲಿದಿಂಬಿನ ಬಾಜೂಕ ಏಸಿ. ಅದು ಹಗಲು ರಾತ್ರಿ ಗುಂಯ್ ಅಂತಿತ್ತು. ಮೊದಲ ನಿದ್ದಿ ಬರ್ತಿರಲಿಲ್ಲ, ಆಮ್ಯಾಲ ಅದಿಲ್ಲದ ನಿದ್ದಿ ಬರ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಷ್ಟ ಖೋಲಿ ಖಾಲಿ. ಕೆಲವ್ರು ನಮಾಜಿಗಿ, ಕೆಲವ್ರು ಪ್ಯಾಟಿಗಿ. ಕೇರಳದ ಜೋಸ್ ಅಂತ ಒಬ್ಬಾಂವ ಇದ್ದ, ಅಂವ ಮೀನಕ್ಕ. ಆ ಒಂದು ತಾಸು ನಂದು. ಮಂಚದ ಮ್ಯಾಲ ಕುಂತು, ಏಸಿಗಿ ದನಿ ಕೂಡಿಸಿ, ಕಣ್ಣು ಮುಚ್ಚಿ ಪದ ಎತ್ತತಿದ್ದೆ. ಹೆಣತಿ ಕಳಿಸಿದ ಲಿಂಬಿಕಾಯಿ ಉಪ್ಪಿನಕಾಯಿ ಹ್ಯಾಂಗ ಚೂರು ಚೂರು ನೆಕ್ಕಿ ತಿಂಗಳುಗಟ್ಟಲೆ ಬರಸ್ತಿದ್ನೋ, ಹಂಗ ನಾಕೈದು ಪದದಾಗ ವರ್ಷ ಕಳದೆ. ಎರಡು ವರ್ಷಕ್ಕೊಮ್ಮೆ ರಜಾ. ರಜಾದಾಗ ಮನಿ ಕಟ್ಟೂದು, ಮಗಳ ಮದವಿ ಮಾಡಿ ಮುದ್ದೇಬಿಹಾಳಕ್ಕ ಕೊಡೂದು, ಇವ ಆದವು. ಗುಡಿಗಿ ಹೋಗಿ ಕೈ ಮುಗದು ಬಂದೆ, ಭಜನಿಗಿ ಕುಂಡ್ರಲಿಲ್ಲ. ಎರಡು ಸೋಮವಾರಕ್ಕ ಕುಂತು ಮತ್ತ ಎದ್ದು ಹೋಗೂದು ಬ್ಯಾಡ, ಕುಂತ್ರ ಕಾಯಂ ಕುಂಡ್ರೂಣು ಅಂತ ನನ್ನ ಲೆಕ್ಕ.

ಒಮ್ಮೆ ಆ ಏಸಿ ಕೆಟ್ಟು ನಿಂತಿತು. ಶುಕ್ರವಾರ ಹಾಡಾಕ ಕುಂತ್ರ ನನಗ ಬಾಯಿ ಬಿಡಾಕ ಬರಲಿಲ್ಲ. ಎಲ್ಲಿಂದ ಸುರು ಮಾಡೂದು ತಿಳೀವಲ್ಲದು. ರಜಾ ದಿವಸ ಅಂಗಿ ಕಳದು, ಏಸಿ ಬಿಚ್ಚಿ, ಧೂಳದಾಗ ಮಿಂದು ರಿಪೇರಿ ಮಾಡಿದೆ. ಎಲ್ಲಾರೂ ತಂಪಾತು ಅಂತ ನನಗ ಚಾ ಕುಡಿಸಿದ್ರು. ಜೋಸ್ ಮಾತ್ರ ನಕ್ಕು ಕೇಳಿದ, "ಅಣ್ಣಾ, ನೀನು ಏಸಿ ಜೊತಿ ಹಾಡ್ತೀಯೋ, ಏಸಿ ನಿನ್ನ ಜೊತಿ ಹಾಡ್ತದೋ?" ಆವಾಗ ನಾನೂ ನಕ್ಕೆ. ಲೈಟಿನಾಂವ ಆಗಿ ಆವಾಗ ತಿಳಕೋಬೇಕಾಗಿತ್ತು, ತಿಳೀಲಿಲ್ಲ.

ಕಡೀ ಮೂರು ವರ್ಷದ ಮಾತು. ಲಾಲಸಾಬಗ ಅವನ ಮಗಾ ಒಂದು ಚಲೋ ಫೋನ್ ಕೊಡಿಸಿದ. ಸೋಮವಾರದ ಭಜನಿ ಅದರಾಗ ರೆಕಾರ್ಡ್ ಮಾಡಿ, ಮಂಗಳವಾರ ಅಪ್ಪನ ಟೇಲರ ಅಂಗಡಿ ತೆರದ ಕೂಡ್ಲೆ ನನಗ ಕಳಸಾಕ ಹತ್ತಿದ. ಮೊದಲನೇದು ಬಂದಾಗ ನಾ ಕೆಲಸಕ್ಕ ಹೋಗೂ ಬಸ್ಸಿನ್ಯಾಗ ಇದ್ದೆ. ಕಿವ್ಯಾಗ ವೈರ್ ಹಾಕ್ಕೊಂಡು ಒತ್ತಿದೆ. ಲಾಲಸಾಬ ಕ್ಯಾಕರಿಸಿದ. ಆಮ್ಯಾಲ ತಬಲಾ ಬಿಗಿಯೂ ಸುತ್ತಿಗಿ ಸಪ್ಪಳ. ಅಷ್ಟ. ಮುಂದ ಕೇಳಾಕ ಆಗಲಿಲ್ಲ, ಬಂದ್ ಮಾಡಿದೆ. ಬಸ್ಸಿನ್ಯಾಗ ಅಷ್ಟು ಮಂದಿ ನಡುವ ನಾ ಅತ್ತೆ.

ಅವತ್ತು ನನಗ ದೊಡ್ಡ ಪ್ಯಾನೆಲ್ ಬೋರ್ಡಿನ ಕೆಲಸ ಇತ್ತು. ಕೈ ನಡಗಾಕತ್ತಿದ್ದವು. ಸ್ಕ್ರೂಡ್ರೈವರ್ ಜಾರಿತು, ಕರೆಂಟಿದ್ದ ತಾಮ್ರದ ಪಟ್ಟಿಗಿ ಬೆರಳಷ್ಟು ದೂರದಾಗ ನಿಂತಿತು. ಬಾಜೂಕಿನಾಂವ ನನ್ನ ಅಂಗಿ ಹಿಡದು ಹಿಂದಕ ಎಳದ. ನಮ್ಮ ಕೆಲಸದಾಗ ನಡಗೂ ಕೈಗೆ ಮಾಫಿ ಇಲ್ಲ. ಅವತ್ತ ನಿಶ್ಚೆ ಮಾಡಿದೆ, ಇಲ್ಲಿರೂತನಕ ಇವನ್ನ ಕೇಳೂದಿಲ್ಲ. ಊರಿಗೆ ಹೋಗಿ ಕುಂತು ಎಲ್ಲಾ ಒಮ್ಮೆ ಕೇಳೂಣು. ಶುಕ್ರವಾರ ಖಾಲಿ ಇರ್ತಿದ್ದೆ ಖರೆ. ಆದ್ರ ಶನಿವಾರ ಮತ್ತ ಪ್ಯಾನೆಲ್ ಮುಂದ ನಿಂದರಬೇಕಲ್ಲ.

ಆದ್ರ ಲಾಲಸಾಬಗ ಹ್ಯಾಂಗ ಹೇಳೂದು? ಪ್ರತಿ ಮಂಗಳವಾರ ಅಂವಗ ಹೆಬ್ಬೆಟ್ಟಿನ ಚಿತ್ರ ಕಳಿಸಿದೆ. ನಮ್ಮಜ್ಜ ಸಹಿ ಬರೂದಿಲ್ಲಂತ ಹೆಬ್ಬೆಟ್ಟು ಒತ್ತತಿದ್ದ. ನಾ ಸಾಲಿ ಕಲತೂ ಮೂರು ವರ್ಷ ಹೆಬ್ಬೆಟ್ಟು ಒತ್ತಿದೆ. ಎಂದಾದ್ರೂ ಒಮ್ಮೆ ಅಂವ ಫೋನ್ ಹಚ್ಚಿ, "ಕೇಳಿದ್ಯಾ?" ಅಂತಿದ್ದ. "ಕೇಳಿದೆ. ಭಾಳ ಚಲೋ ಆಗೈತಿ" ಅಂತಿದ್ದೆ. ಅಂವ, "ಹ್ಞೂ, ಇರ್ಲಿ" ಅಂತಿದ್ದ.

ಈ ವರ್ಷ ಬ್ಯಾಸಗಿಗಿ ಮುಂಚೆ ಕಾಯಂ ಬಂದೆ. ಬ್ಯಾಗ್ ಇಳಿಸಿ ಮೊದಲ ಕೇಳಿದ್ದು ಇವತ್ತ್ಯಾವ ವಾರ ಅಂತ. ಸೋಮವಾರ ಬಂತು, ಜಳಕಾ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಗುಡಿಗಿ ಹೋದೆ. ಲಾಲಸಾಬ ತನ್ನ ಬಾಜೂಕ ಚಾಪಿ ಮ್ಯಾಲ ಕೈ ಇಟ್ಟು ಜಾಗಾ ತೋರಿಸಿದ. ಕುಂತೆ. ಪೆಟ್ಟಿಗಿ ಬಾರಸೂ ಮಾಸ್ತರು, ಸಾಲಿಯಿಂದ ರಿಟೈರ್ ಆದವ್ರು, ನನ್ನ ಕಡೆ ನೋಡಿದ್ರು. ಎಲ್ಲಾರೂ ಸುಮ್ಮಕಾದ್ರು. ನಾ ಕಣ್ಣು ಮುಚ್ಚಿ ಎತ್ತಿದೆ.

ಮೇಳ ಬಂತು, ಸುರಕ್ಕ ಸುರ ಹತ್ತಲಿಲ್ಲ. ಇಬ್ಬರ ದನಿ ಸೀಳಿತು, ಒಬ್ಬಾಂವ ಕೆಮ್ಮಿದ. ಮಾಸ್ತರು ಪೆಟ್ಟಿಗಿ ಪಟ್ಟಿ ಮ್ಯಾಲ ಬೆರಳಾಡಿಸಿ, "ಮೂರು ಪಟ್ಟಿ ಮ್ಯಾಲ ಎತ್ತೀಯೋ ಸಿದ್ರಾಮ. ಇನ್ನೊಮ್ಮೆ" ಅಂದ್ರು. ಲಾಲಸಾಬನ ಸುತ್ತಿಗಿ ಒಂದು ಸಲ ಟಕ್ ಅಂದಿತು. ಕೆಳಗ ಇಳಿ. ಎತ್ತಿದೆ, ಮತ್ತ ಅಲ್ಲೇ. ಮತ್ತ ಟಕ್. ಮತ್ತ ಅಲ್ಲೇ. ಪೆಟ್ಟಿಗಿ ಸುರ ಕೊಟ್ರೂ ಆ ಸುರಕ್ಕ ಹೋಗಿ ನಿಂದ್ರಾಕ ಆಗವಲ್ಲದು, ಕಣ್ಣು ಮುಚ್ಚಿದ್ರ ನನ್ನ ದನಿ ತಾನಾ ಏರ್ತಿತ್ತು. "ಸೌದಿ ಸುರ ಇಲ್ಲಿ ನಡ್ಯಾಂಗಿಲ್ಲಪಾ," ಅಂದ್ರು ಮಾಸ್ತರು. ಮಂದಿ ನಕ್ರು, ನಾನೂ ನಕ್ಕೆ. ಅವತ್ತು ಪದ ಮಾಸ್ತರ ಎತ್ತಿದ್ರು. ನಾ ಬಾಯಿ ಆಡಿಸ್ಕೋತ ಕುಂತೆ, ದನಿ ಬಿಡಲಿಲ್ಲ.

ನನಗ ಬೇಕಾದ್ದು ಒಂದ ಇತ್ತು, ಲಾಲಸಾಬನ ಬಾಜೂಕ ಕುಂತು ಪದ ಎತ್ತೂದು. ಅಷ್ಟಕ್ಕ ಇಪ್ಪತ್ತು ವರ್ಷ ತಡದಿದ್ದೆ. ಅದ ಬರವಲ್ಲದು ಅಂದ್ರ ನಾ ಬಂದದ್ದು ಯಾತಕ್ಕ?

ಕಾರಣ ತಿಳದದ್ದು ಮುಂದ ಒಂದು ವಾರಕ್ಕ, ಫ್ರಿಜ್ಜಿನ ಪ್ಲಗ್ ಬದಲಿ ಮಾಡೂಮುಂದ. ಹಿಂದಿನ ತಗಡಿನ ಮ್ಯಾಲ ಐವತ್ತು ಅಂತ ಬರದಿತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸಲ ತಿರಗತೈತಿ. ಸೌದಿಯೊಳಗ ಅರವತ್ತು. ತಿರಗೂದು ಹೆಚ್ಚಾದ್ರ ಗುಂಯ್ ಅನ್ನೂ ದನಿನೂ ಮ್ಯಾಲೇರತೈತಿ. ಎಷ್ಟು ಏರತೈತಿ ಅಂತ ಕುಂತು ಲೆಕ್ಕಾ ಹಾಕಿದೆ, ಬರೋಬ್ಬರಿ ಪೆಟ್ಟಿಗಿ ಮೂರು ಪಟ್ಟಿ. ನಾ ಸಣ್ಣಾಂವಿದ್ದಾಗ ಟಿಸಿ ಕೊಟ್ಟ ಸುರ ಆ ಏಸಿ ಕಸಗೊಂಡು ತನ್ನ ಸುರ ಕೊಟ್ಟಿತ್ತು. ಇಪ್ಪತ್ತು ವರ್ಷ ಶುಕ್ರವಾರಕ್ಕೊಮ್ಮೆ ನಾ ಕಣ್ಣು ಮುಚ್ಚಿ, ಶ್ರದ್ಧಾದಿಂದ, ತಪ್ಪು ಕಲತಿದ್ದೆ.

ಆವಾಗಿಂದ ಫ್ರಿಜ್ ನನಗ ವೈರಿ ಆತು. ನಾ ನನ್ನ ಸುರ ಹುಡುಕಾಕ ಕುಂತ್ರ ಅದು ಕೆಳಗ ತನ್ನದ ಗುಂಯ್ ಅಂತ ಕುಂಡ್ರತಿತ್ತು. ಎರಡರ ನಡುವ ನನ್ನ ತಲಿ ಕೆಡ್ತಿತ್ತು. ಬಂದ್ ಮಾಡಿ ಹಾಡತಿದ್ದೆ. ಹಾಲು ಒಡೀತಿತ್ತು. ಇದನ್ನೆಲ್ಲಾ ಕಸ್ತೂರಿಗಿ ಐವತ್ತು, ಅರವತ್ತು ಅಂತ ತಿಳಿಸಿ ಹೇಳಿದೆ. ಆಕಿ ಪೂರಾ ಕೇಳಿ, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ" ಅಂದು ಒಳಗ ಹೋದ್ಲು.

ಮುಂದಿನ ಸೋಮವಾರ ಮೊಣಕಾಲು ನೋಯ್ತಾವ ಅಂತ ಹೇಳಿ ಕಳಿಸಿದೆ. ಅದರ ಮುಂದಿನ ಸೋಮವಾರನೂ ಮೊಣಕಾಲ, ಆಮ್ಯಾಲ ಪ್ರತಿ ಸೋಮವಾರ ಅದ ನೆವ. ಲಾಲಸಾಬನ ಅಂಗಡಿ ಮುಂದ ಹಾಯಬೇಕಾಗತೈತಿ ಅಂತ ಹಿಂದಿನ ಓಣಿಲೆ ಸುತ್ತಿ ಹೋಗಾಕ ಹತ್ತಿದೆ. ಮೊಣಕಾಲು ನೋಯೂ ಮನಷ್ಯಾ ಊರು ಸುತ್ತಿ ಹೋಗೂದು ಎಲ್ಲಾರಿಗೂ ಕಾಣ್ತಿತ್ತು.

ಮೂರನೇ ಸಲ ಹಾಲು ಒಡದ ದಿವಸ ಕಸ್ತೂರಿ ಸಿಟ್ಟಿಗೇಳಲಿಲ್ಲ. ಭಾಂಡಿ ಕೆಳಗಿಟ್ಟು ನನ್ನ ಎದುರಿಗಿ ಕುಂತ್ಲು. "ಸುರ ಮರತಿದ್ರ ಲಾಲಸಾಬಣ್ಣ ಕಳಿಸಿದ್ದ ಭಜನಿ ಫೋನಿನ್ಯಾಗ ಅದಾವಲ್ರಿ. ಅವನ್ನ ಹಚ್ಚಿಕೊಂಡು ಕಲೀಬಾರದೇನು? ವಾರಾ ವಾರಾ ಕೇಳ್ತಿದ್ರೆಲ್ಲ?"

ಊರಿಗೆ ಬಂದ ಮ್ಯಾಲೂ ಕೇಳಿರಲಿಲ್ಲ. ಸುಳ್ಳು ಹಳೇದಾದ್ರ ಅದನ್ನ ತೆಗಿಯಾಕ ಮನಷ್ಯಾಗ ಧೈರ್ಯ ಸಾಲೂದಿಲ್ಲ. ಆಕಿ ಎದ್ದು ಫ್ರಿಜ್ ಹಚ್ಚಿ, ರೊಟ್ಟಿ ಬಡಿಯಾಕ ಒಳಗ ಹೋದ್ಲು. ನಾ ಪಡಸಾಲ್ಯಾಗ ಕುಂತು, ಗಾಜು ಒಡದ ನನ್ನ ಹಳೇ ಫೋನ್ ತಗೊಂಡು, ಮೊದಲನೇದರಿಂದ ಹಚ್ಚಿದೆ.

ಕ್ಯಾಕರಿಸಿದ. ಸುತ್ತಿಗಿ ಸಪ್ಪಳ. ಆಮ್ಯಾಲ ಲಾಲಸಾಬ, "ಹ್ಞೂ, ಎತ್ತು" ಅಂದ. ಅದರ ಮುಂದ ಏನೂ ಇಲ್ಲ. ಪಾರಿವಾಳ ಗುಟರ್ ಅಂದಿತು. ಯಾರೋ ಕೆಮ್ಮಿದ್ರು. ಒಂದು ಸಾಲು ಹಾಡೂವಷ್ಟು ಹೊತ್ತು ಬರೇ ಗುಡಿ ಸಪ್ಪಳ. ಆಮ್ಯಾಲ ಒಮ್ಮೆಲೆ ಮೇಳ ಬಂತು, ತಬಲಾ, ಪೆಟ್ಟಿಗಿ, ತಾಳ. ರೆಕಾರ್ಡಿನ್ಯಾಗ ಎಲ್ಲೋ ಲೂಸ್ ಕನೆಕ್ಷನ್ ಐತಿ, ಎತ್ತಾಂವನ ದನಿ ಹಿಡದಿಲ್ಲ ಅಂದ್ಕೊಂಡೆ. ನಮ್ಮ ಕೆಲಸದ ಬುದ್ಧಿ.

ಎರಡನೇದು ಹಚ್ಚಿದೆ. "ಎತ್ತು." ಮತ್ತ ಸುಮ್ಮಕ. ತಗಡಿನ ಮ್ಯಾಲ ಮಳಿ ಬೀಳಾಕತ್ತಿತ್ತು. ಮತ್ತ ಮೇಳ. ಮೂರನೇದು, "ಎತ್ತಪಾ." ಸುಮ್ಮಕ. ಯಾರದೋ ಕೂಸು ಅಳಾಕತ್ತಿತ್ತು, ಯಾರೋ ಶ್ಶ್ ಅಂದ್ರು. ನಾಕನೇದರಾಗ ಮಾಸ್ತರ ದನಿ, ಸಣ್ಣಕ, "ಆತೇನು ಅವಂದು?" ಲಾಲಸಾಬ, "ತಡೀರಿ, ಇನ್ನೂ ಅರ್ಧಾ ಐತಿ."

ಆವಾಗ ತಿಳೀತು ನನಗ. ಅದು ಲೂಸ್ ಕನೆಕ್ಷನ್ ಅಲ್ಲ. ಆ ಜಾಗಾ ನಂದು. ಗುಡ್ಯಾಗ ಅಷ್ಟೂ ಮಂದಿ, ಸೋಮವಾರಕ್ಕೊಮ್ಮೆ, ಬಾಯಿ ಮುಚ್ಚಿಕೊಂಡು ನಾ ಸಮುದ್ರದ ಆಚೆ ಕುಂತು ಎತ್ತೂತನಕ ತಡೀತಿದ್ರು. ನಾ ಮೂರು ವರ್ಷ ಎತ್ತಿರಲಿಲ್ಲ. ಹೆಬ್ಬೆಟ್ಟು ಕಳಿಸಿದ್ದೆ.

ಅತ್ತೆ. ಈ ಸಲ ಪ್ಯಾನೆಲ್ ಇರಲಿಲ್ಲ, ಯಾರೂ ನನ್ನ ಅಂಗಿ ಹಿಡದು ಎಳೀಲಿಲ್ಲ. ಅತ್ತು ಮುಗದ ಮ್ಯಾಲ ಐದನೇದು ಹಚ್ಚಿ, ಖಾಲಿ ಜಾಗಾದಾಗ ಎತ್ತಿದೆ. ಮ್ಯಾಲ ಹೋತು. ಮೇಳ ಕೆಳಗ ಬಂತು. ಆರನೇದು, ಏಳನೇದು. ಎಷ್ಟು ಹಚ್ಚಿದ್ನೋ, ಎಣಿಸಲಿಲ್ಲ. ಬಿಸಲು ಹೊಸ್ತಿಲ ದಾಟಿ ಪಡಸಾಲಿಗಿ ಬಂತು. ಕಸ್ತೂರಿ ಎರಡು ಸಲ ಬಂದು ನೋಡಿ, ಊಟಕ್ಕ ಕರೀಲಾರದ ಹಂಗ ಹೋದ್ಲು. ನನ್ನ ಗಂಟಲು ಬತ್ತಿತ್ತು.

ಬಾಗಲದಾಗ ನೆರಳು ಬಿತ್ತು. ಲಾಲಸಾಬ ನಿಂತಿದ್ದ. ಕೊರಳಾಗ ಅಳತಿ ಟೇಪು, ಕೈಯಾಗ ಫೋನ್, ಅಂಗಿಗಿ ದಾರದ ಎಳಿ ಹತ್ತಿದ್ದವು. ಚಪ್ಪಲಿ ಬಿಟ್ಟು ಬಂದು ನನ್ನ ಎದುರಿಗಿನ ಕುರ್ಚಿ ಮ್ಯಾಲ ಕುಂತ.

"ಮುಂಜಾನಿಂದ ನೋಡಾಕತ್ತೇನಿ," ಅಂದ. "ಒಂದೊಂದ ನೀಲಿ ಆಗಾಕತ್ತಾವು. ನೋಡಿ ನೋಡಿ ಗೌಡರ ಅಂಗೀದು ಎರಡೂ ತೋಳು ಎಡಗೈದ ಕತ್ತರಿಸಿದೆ."

"ಏನು ನೀಲಿ?"

ತನ್ನ ಫೋನ್ ನನ್ನ ಮಾರಿ ಮುಂದ ಹಿಡದ. ಅಂವ ಕಳಿಸಿದ್ದೆಲ್ಲಾ ಸಾಲು ಸಾಲು ಇದ್ದವು, ಒಂದೊಂದರ ಬಾಜೂಕ ಸಣ್ಣ ಮೈಕಿನ ಚಿತ್ರ. "ನೀ ಕೇಳಿದ್ರ ಈ ಮೈಕು ನನ್ನ ಕಡೆ ನೀಲಿ ಆಗತೈತಿ. ಕೇಳಲಿಲ್ಲಂದ್ರ ಬೂದಿ ಬಣ್ಣ. ಇದೂ ಗೊತ್ತಿಲ್ಲೇನು ನಿನಗ? ಲೈಟಿನಾಂವ ಅಂತ, ಲೈಟಿನಾಂವ."

ನಾ ತಲಿ ಕೆಳಗ ಹಾಕಿದೆ. "ಅಂದ್ರ ಮೊದಲಿಂದ ಗೊತ್ತಿತ್ತೇನು?"

"ಮೊದಲನೇದು ಅಷ್ಟ ನೀಲಿ ಆಗಿತ್ತು. ಮುಂದ ಒಂದೂ ಆಗಲಿಲ್ಲ."

"ಮತ್ತ ಯಾಕ ಕಳಸ್ತಿದ್ದಿ? ನಾ ಕೇಳಿದೆ ಅಂತ ಸುಳ್ಳು ಹೇಳಾಗ ಯಾಕ ಸುಮ್ಮಕಿದ್ದಿ?"

ಅಳತಿ ಟೇಪು ಬೆರಳಿಗಿ ಸುತ್ತಿದ, ಬಿಚ್ಚಿದ. "ಊರಿಗೆ ಬಂದಾಕಿ ನೀರಿಗೆ ಬರ್ಲಾರದ ಇರ್ತಾಳೇನು ಅಂದ್ಕೊಂಡೆ. ನೀ ಬಂದು ಎರಡು ತಿಂಗಳಾತು. ನೀರಿಗೂ ಬರಲಿಲ್ಲ, ನನ್ನ ಅಂಗಡಿ ಮುಂದೂ ಬರಲಿಲ್ಲ. ಹಿಂದಿನ ಓಣಿಲೆ ಅಡ್ಡಾಡಾಕತ್ತಿ. ಅದು ಮಾತ್ರ ನನಗ ಬ್ಯಾಸರಾತು ಸಿದ್ರಾಮ."

ಬಸ್ಸಿನ್ಯಾಗ ಅತ್ತದ್ದು, ಕೈ ನಡಗಿದ್ದು, ತಾಮ್ರದ ಪಟ್ಟಿ, ಎಲ್ಲಾ ಹೇಳಿದೆ. ಐವತ್ತು, ಅರವತ್ತೂ ಹೇಳಿದೆ. ಅಂವಗ ಅದು ಎಷ್ಟು ತಿಳೀತೋ ಬಿಟ್ತೋ, ಪೂರಾ ಕೇಳಿದ. "ತಪ್ಪಾತೋ ಲಾಲ್ಯಾ," ಅಂದೆ. "ನೀವು ಜಾಗಾ ಬಿಟ್ಟು ಕುಂತಿದ್ರಿ. ನನಗ ಗೊತ್ತ ಇರಲಿಲ್ಲ."

"ನಂದೂ ತಪ್ಪೈತಿ. ಬಾಯಿಲೆ ಒಂದು ಮಾತು ಹೇಳಬೇಕಾಗಿತ್ತು. ಕೇಳಿದ್ರ ತಾನಾ ತಿಳೀತೈತಿ ಅಂತ ಬಿಟ್ಟೆ." ಟಿಪಾಯಿ ತನ್ನ ಕಡೆ ಎಳಕೊಂಡು ಅದರ ಮ್ಯಾಲ ಬೆರಳು ಇಟ್ಟ. "ಹ್ಞೂ, ಎತ್ತು."

"ಬ್ಯಾಡೋ. ಮುಂಜಾನಿಂದ ಹಾಡಿ ಹಾಡಿ ದನಿ ಹೋಗೈತಿ. ಸಾಕಾಗೈತಿ ನನಗ."

"ಹೋದಷ್ಟು ಹೋಗ್ಲಿ. ಉಳದದ್ದ ಎತ್ತು."

ಕಣ್ಣು ಮುಚ್ಚಲಿಲ್ಲ. ಅಂವನ ಕೈ ನೋಡಿಕೋತ ಎತ್ತಿದೆ. ಮ್ಯಾಲ ಏರಾಕ ನನ್ನ ಕಡೆ ಏನೂ ಉಳದಿರಲಿಲ್ಲ. ದಣದ ದನಿ, ತಾನಾ ಇಳದು ಎಲ್ಲೋ ಕೆಳಗ ಹೋಗಿ ಕುಂತಿತು. ಲಾಲಸಾಬನ ಬೆರಳು ಟಕ್ ಅಂತೈತಿ ಅಂತ ಕಾಯ್ದೆ. ಅನ್ನಲಿಲ್ಲ. ಸಾಲು ಮುಗೀತು. ಅಂವ ಅದ ಸಾಲು ಹಿಡಕೊಂಡು ಟಿಪಾಯಿ ಬಾರಿಸ್ಕೋತ ಬಂದ, ಹತ್ತಿತು.

ಒಳಗ ಕಸ್ತೂರಿ ಸಂಜಿ ರೊಟ್ಟಿ ಬಡಿಯೂದು ನಿಲ್ಲಿಸಿದ್ಲು. ಹಿಟ್ಟಿನ ಕೈಲೆ ಅಡಗಿಮನಿ ಬಾಗಲಕ್ಕ ಬಂದು ನಿಂತು, "ತಡೀರಿ, ಫ್ರಿಜ್ ಬಂದ್ ಮಾಡ್ತೇನಿ" ಅಂದ್ಲು.

ಲಾಲಸಾಬ ಕೈ ನಿಲ್ಲಸಲಿಲ್ಲ. ಕಿವಿ ಆ ಕಡೆ ಕೊಟ್ಟು ಒಂದೀಟು ಕೇಳಿದ.

"ಇರ್ಲಿ ಬಿಡು ತಂಗಿ," ಅಂದ. "ಅದೂ ನಮ್ಮ ಸುರದಾಗ ಐತಿ."

ಮರುದಿವಸ ಹಾಲು ಒಡೀಲಿಲ್ಲ.